ಯಾವ ತಿಂಗಳಲ್ಲಿ ಕೆಟ್ಟಿತು? ಹಳೆ ವಿಡಿಯೋ ಗೇಮ್‌ಗಳಿಗೆ ನಮ್ಮೂರಿನ ದೋಷ ನಿವಾರಣೆ ಕೈಪಿಡಿ

ಯಾರಾದರೂ ಹಳೆ ಗೇಮ್ ಮೆಷಿನ್ ತಂದು "ಇದು ಆನ್ ಆಗ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಎಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ತಿಂಗಳಲ್ಲಿ ಕೆಟ್ಟಿತು?

ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಬೆಲೆ ಇದೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಕಡಲಿನ ಉಪ್ಪುಗಾಳಿ ಬೇರೆ. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನ ಮಳೆಯಲ್ಲಿ, ಕೆಟ್ಟ ಮೆಷಿನ್ ಆದರೆ ಪಿನ್ನುಗಳಿಗೆ ಕಿಲುಬು ಹಿಡಿದಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕೈಕೊಟ್ಟಿದ್ದರೆ ನನ್ನ ಸಂಶಯ ವೋಲ್ಟೇಜಿನ ಮೇಲೆ, ಏಕೆಂದರೆ ಆಗ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ ಓಡುತ್ತಿರುತ್ತದೆ. ಅಕ್ಟೋಬರಿನ ಗುಡುಗು ಸಿಡಿಲಿನ ಮರುದಿನ ಸತ್ತಿದ್ದರೆ ಅಡಾಪ್ಟರ್ ಅಥವಾ ಟಿವಿಯ ಪೋರ್ಟ್ ಹೋಗಿರಬಹುದು. ಮೂರಕ್ಕೂ ಔಷಧಿ ಬೇರೆ ಬೇರೆ.

ನಮ್ಮ ಕಡೆ ಇಂಥ ಮೆಷಿನ್‌ಗಳು ಜಾಸ್ತಿ ಬಂದದ್ದು ಗಲ್ಫ್‌ನಿಂದ. ರಜೆಗೆ ಬರುವ ಮಾವನೋ ಚಿಕ್ಕಪ್ಪನೋ ಪೆಟ್ಟಿಗೆಯಲ್ಲಿ ತಂದದ್ದು. ನಿಂಟೆಂಡೋ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಮೆಷಿನ್‌ನ ನಕಲುಗಳೇ ಅದರಲ್ಲಿ ಹೆಚ್ಚು. ನಾವು ಅದನ್ನು ಟಿವಿ ಗೇಮ್ ಎಂದೆವು, ಅದರ ಕಾರ್ಟ್ರಿಜ್‌ಗೆ, ಅಂದರೆ ಆಟ ತುಂಬಿದ, ಮೆಷಿನ್‌ಗೆ ಸಿಕ್ಕಿಸುವ ಡಬ್ಬಿಗೆ, ಕ್ಯಾಸೆಟ್ ಎಂದೆವು. ಈ ಬರಹದಲ್ಲೂ ಹಾಗೇ ಕರೆಯುತ್ತೇನೆ. ಸೆಗಾ ಮೆಗಾ ಡ್ರೈವ್, ಪ್ಲೇಸ್ಟೇಷನ್, ಪಿಎಸ್‌2 ಆಮೇಲೆ ಬಂದವು. ಅವು ಇವತ್ತೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಸತ್ತಿವೆ ಎಂದು ಮೂಲೆಗೆ ಹಾಕಿದವುಗಳಲ್ಲಿ ನಿಜವಾಗಿ ಸತ್ತವು ಬಹಳ ಕಡಿಮೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಗುಜರಿಗೆ ಕೊಡುವ ಮೊದಲು ಒಮ್ಮೆ ನೋಡಿ.

ಬೇಕಾಗುವ ಸಾಮಾನು ಕಡಿಮೆ. ಒಂದು ಸಾದಾ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಹತ್ತಿ, ಮಕ್ಕಳ ಬಿಳಿ ರಬ್ಬರ್, ಹಳೆ ಎಟಿಎಂ ಕಾರ್ಡ್, ಮತ್ತು ಐಪಿಎ ಎನ್ನುವ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದ್ದು. ಮೊಬೈಲ್ ರಿಪೇರಿ ಮಾಡುವವರು ಇದನ್ನೇ ಬಳಸುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಖಂಡಿತ ಸರಿ ಇದೆ ಎಂದು ಗೊತ್ತಿರುವ ಒಂದು ಕ್ಯಾಸೆಟ್. ಅದು ಇಲ್ಲದಿದ್ದರೆ ದೋಷ ಮೆಷಿನ್‌ನದ್ದೋ ಕ್ಯಾಸೆಟ್‌ನದ್ದೋ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಅಡಾಪ್ಟರ್, ವಯರ್, ಕ್ಯಾಸೆಟ್ ಮೂರನ್ನೂ ಒಟ್ಟಿಗೆ ಬದಲಿಸಿ ಮೆಷಿನ್ ಓಡಿತು ಅಂದುಕೊಳ್ಳಿ. ಯಾವುದು ಕೆಟ್ಟಿತ್ತು ಎಂದು ನಿಮಗೆ ಗೊತ್ತಾಗಲಿಲ್ಲ ಅಲ್ವಾ?

ಲೈಟೇ ಬರುತ್ತಿಲ್ಲ

ಗೋಡೆಯಿಂದ ಶುರು ಮಾಡಿ. ಯುಎಇಯಿಂದ ಬಂದ ಮೆಷಿನ್ ಆದರೆ ಅದರ ಪ್ಲಗ್‌ಗೆ ಮೂರು ಚಪ್ಪಟೆ ಪಿನ್ ಇರುತ್ತದೆ. ನಮ್ಮ ಸಾಕೆಟ್‌ಗೆ ಅದು ಹೋಗುವುದಿಲ್ಲ, ನಡುವೆ ಒಂದು ಕನ್ವರ್ಟರ್ ಪ್ಲಗ್ ಹಾಕುತ್ತೇವೆ. ಆ ಕನ್ವರ್ಟರ್‌ನ ಒಳಗಿನ ಹಿತ್ತಾಳೆ ತಗಡು ಸಡಿಲಾಗುತ್ತದೆ. ಭಾರದ ಅಡಾಪ್ಟರ್ ಅದರಲ್ಲಿ ನೇತಾಡಿದರಂತೂ ಬೇಗ ಸಡಿಲಾಗುತ್ತದೆ. ಪ್ಲೇಸ್ಟೇಷನ್, ಪಿಎಸ್‌2ಗಳ ಉದ್ದ ವಯರಿನ ಪ್ಲಗ್ ಆದರೆ ಅದರೊಳಗೇ ಒಂದು ಪುಟ್ಟ ಫ್ಯೂಸ್ ಇರುತ್ತದೆ. ನಮ್ಮ ಪ್ಲಗ್‌ಗಳಲ್ಲಿ ಫ್ಯೂಸ್ ಇರುವುದಿಲ್ಲವಾದ್ದರಿಂದ ಯಾರಿಗೂ ಅಲ್ಲಿ ನೋಡಬೇಕೆಂದು ಹೊಳೆಯುವುದಿಲ್ಲ. ಫ್ಯೂಸನ್ನು ಹೊರಗೆ ತೆಗೆದು, ಮೀಟರನ್ನು ಬೀಪ್ ಸದ್ದಿನ ಗುರುತಿಗೆ ಇಟ್ಟು ನೋಡಿ. ಸದ್ದು ಬರದಿದ್ದರೆ ಅದೇ ಅಳತೆಯ ಫ್ಯೂಸ್ ಹಾಕಿ.

ಜಪಾನ್ ಅಥವಾ ಅಮೆರಿಕದಿಂದ ತರಿಸಿದ್ದಾದರೆ ಪ್ಲಗ್ ಹಾಕುವ ಮೊದಲೇ ಓದಿ. ಜಪಾನಿನ ಕರೆಂಟ್ 100 ವೋಲ್ಟ್, ಅಮೆರಿಕದ್ದು 120. ನಮ್ಮದು 230. ಸುಮ್ನೆ ಸಿಕ್ಕಿಸಿದರೆ ಅಡಾಪ್ಟರ್ ಸುಟ್ಟೇ ಹೋಗುತ್ತದೆ.

ಮುಂದಿನದ್ದು ಅಡಾಪ್ಟರ್. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ತುದಿಯಲ್ಲಿ ಅಳೆಯಿರಿ. ಇಲ್ಲಿ ಒಂದು ವಿಷಯಕ್ಕೆ ಹೆದರಬೇಡಿ. ಹಳೆಯ ಭಾರದ ಅಡಾಪ್ಟರ್‌ನ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ, ಮೆಷಿನ್‌ಗೆ ಸಿಕ್ಕಿಸದೆ ಅಳೆದಾಗ 12 ಅಥವಾ 13 ತೋರಿಸಬಹುದು. ಅದು ದೋಷವಲ್ಲ. ಮೆಷಿನ್ ಎಳೆಯಲು ಶುರು ಮಾಡಿದಾಗ 9ರ ಹತ್ತಿರಕ್ಕೆ ಇಳಿಯುತ್ತದೆ. ಸೊನ್ನೆಯೋ ಬರೆದದ್ದಕ್ಕಿಂತ ತುಂಬ ಕಡಿಮೆಯೋ ತೋರಿಸಿದರೆ ಅಡಾಪ್ಟರ್ ಕೆಟ್ಟಿರಬಹುದು. ಹೆಚ್ಚಾಗಿ ವಯರು ಬುಡದಲ್ಲಿ ಮಡಚಿ ಮಡಚಿ ತುಂಡಾಗಿರುತ್ತದೆ.

ಹೊಸ ಅಡಾಪ್ಟರ್ ಕೊಳ್ಳುವಾಗ ಪ್ಲಸ್ ಮೈನಸ್ ತಪ್ಪಬಾರದು. ಅಸಲಿ ಫ್ಯಾಮಿಕಾಮ್‌ನ ಅಡಾಪ್ಟರ್ 10 ವೋಲ್ಟ್, 850 ಮಿಲಿ ಆಂಪಿಯರ್, ನಡುವಿನ ತೂತು ಮೈನಸ್. ಮೊದಲ ಮಾದರಿಯ ಮೆಗಾ ಡ್ರೈವ್ 9 ವೋಲ್ಟ್, ಅದೂ ನಡುವೆ ಮೈನಸ್. ಎರಡನೇ ಮಾದರಿಯದ್ದು 10 ವೋಲ್ಟ್, ನಡುವೆ ಪ್ಲಸ್. ಒಂದೇ ಕಂಪನಿ, ಒಂದೇ ಹೆಸರು, ಆದರೂ ತಿರುಗುಮುರುಗು. ಫ್ಯಾಮಿಕಾಮ್‌ನ ಅಮೆರಿಕದ ರೂಪವಾದ ಎನ್‌ಇಎಸ್ ಮೆಷಿನ್‌ನ ಅಡಾಪ್ಟರ್ ಕೊಡುವುದು ಎಸಿ ಕರೆಂಟ್. ಅದನ್ನು ಫ್ಯಾಮಿಕಾಮ್‌ಗೋ ಮೆಗಾ ಡ್ರೈವ್‌ಗೋ ಹಾಕಿದರೆ ಬೋರ್ಡೇ ಹಾಳಾಗಬಹುದು. ನಕಲಿ ಮೆಷಿನ್‌ಗಳಲ್ಲಂತೂ ಯಾವ ನಿಯಮವೂ ಇಲ್ಲ. ಪಿನ್ ಹೊಕ್ಕಿತು ಎಂದು ಸ್ವಿಚ್ ಹಾಕಬೇಡಿ. ಮೆಷಿನ್‌ನ ಹಿಂದೆ ಇರುವ ಗುರುತು ನೋಡಿಯೇ ಹಾಕಿ.

ಅಡಾಪ್ಟರ್ ಸರಿ ಇದ್ದರೆ ಪಿನ್ನನ್ನು ಮೆಲ್ಲಗೆ ಅಲುಗಾಡಿಸಿ. ಲೈಟ್ ಮಿನುಗಿದರೆ ಒಳಗಿನ ಸಾಕೆಟ್‌ನ ಬೆಸುಗೆ ಬಿರುಕು ಬಿಟ್ಟಿದೆ. ಹೊಸದಾಗಿ ಬೆಸುಗೆ ಹಾಕಿದರೆ ಮುಗಿಯಿತು. ಅದೂ ಅಲ್ಲದಿದ್ದರೆ ಮುಚ್ಚಳ ಬಿಚ್ಚಿ. ಮೂರು ಕಾಲಿನ, ಬೆನ್ನಿಗೆ ತಗಡು ಇರುವ 7805 ಎಂಬ ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು 5ಕ್ಕೆ ಇಳಿಸಿ ಹಿಡಿಯುವ ಭಾಗ, ಸಾಮಾನ್ಯವಾಗಿ ಇರುತ್ತದೆ. ಅಕ್ಷರ ನಮ್ಮ ಕಡೆ ಬರುವಂತೆ ಹಿಡಿದರೆ ಎಡಗಾಲು ಒಳಬರುವ ವೋಲ್ಟೇಜ್, ನಡುವಿನದ್ದು ಗ್ರೌಂಡ್, ಬಲಗಾಲು 5 ವೋಲ್ಟ್. ಬಲಗಾಲಲ್ಲಿ 4.8ರಿಂದ 5.2ರ ಒಳಗೆ ಬರಬೇಕು. ಎಡಕ್ಕೆ 9 ಬಂದು ಬಲಕ್ಕೆ ಏನೂ ಬಾರದಿದ್ದರೆ ಒಂದೋ ರೆಗ್ಯುಲೇಟರ್ ಹೋಗಿದೆ, ಇಲ್ಲವೇ ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಆಗಿದೆ.

ಸಂಜೆ ಮಾತ್ರ ಹ್ಯಾಂಗ್ ಆಗುತ್ತದೆ

ಉಪ್ಪಳದ ಸೋದರತ್ತೆಯ ಮನೆಯ ಮೆಷಿನ್ ನನಗೆ ಪಾಠ ಕಲಿಸಿದ್ದು. ಅವರ ಮಗ ಫೋನ್ ಮಾಡಿದ. "ಭಾವ, ಪೇಟೆಯಲ್ಲಿ ತೋರಿಸಿದೆ, ಐಸಿ ಹೋಗಿದೆಯಂತೆ." ಐಸಿ ಎಂದರೆ ಒಳಗಿನ ಚಿಪ್. ನಾನು ತರಿಸಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಕಿ ನೋಡಿದರೆ ಚೆನ್ನಾಗಿ ಓಡಿತು. ಮಧ್ಯಾಹ್ನವೂ ಓಡಿತು. ಹಿಂದೆ ಕೊಟ್ಟೆ. ಎರಡು ದಿನಕ್ಕೆ ಅದೇ ಫೋನ್. ಆಡುತ್ತಾ ಆಡುತ್ತಾ ಚಿತ್ರ ನಿಂತುಬಿಡುತ್ತದೆ.

ಆಗ ಏಪ್ರಿಲ್. ನಾನೇ ಅಲ್ಲಿಗೆ ಹೋದೆ. ಸಂಜೆ ಅಕ್ಕಪಕ್ಕದ ತೋಟಗಳಲ್ಲೆಲ್ಲ ಪಂಪ್ ಓಡುತ್ತಿತ್ತು, ಟ್ಯೂಬ್‌ಲೈಟ್ ಹೊತ್ತಲು ಒದ್ದಾಡುತ್ತಿತ್ತು. ಗೋಡೆಯ ಸಾಕೆಟ್‌ನಲ್ಲಿ ಅಳೆದರೆ 170 ವೋಲ್ಟ್. ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಬರುವ ಕರೆಂಟ್ ಕಡಿಮೆಯಾದಷ್ಟೂ ತಾನೂ ಕಡಿಮೆ ಕೊಡುತ್ತದೆ. 230ಕ್ಕೆ 9 ಕೊಡುವುದು 170ಕ್ಕೆ 7ರ ಕೆಳಗೆ ಹೋಗುತ್ತದೆ. 7805 ಸರಿಯಾಗಿ 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಕನಿಷ್ಠ 7 ಬೇಕು. ಇಷ್ಟೇ ದೋಷ. ಐಸಿಗೆ ಏನೂ ಆಗಿರಲಿಲ್ಲ. 100ರಿಂದ 240 ಎಂದು ಬರೆದ ಹಗುರದ ಹೊಸ ಅಡಾಪ್ಟರ್, 9 ವೋಲ್ಟ್ 1 ಆಂಪಿಯರ್, ಪ್ಲಸ್ ಮೈನಸ್ ನೋಡಿ ಹಾಕಿದೆವು. ಅಂದಿನಿಂದ ಸಂಜೆಯೂ ಓಡುತ್ತಿದೆ.

ಹಾಗಾಗಿ ಹೊತ್ತು ನೋಡಿ ಕೆಡುವ ಮೆಷಿನ್ ಕಂಡರೆ ಬಿಚ್ಚಲು ಹೋಗಬೇಡಿ. ಕೆಡುವ ಹೊತ್ತಿಗೇ, ಕೆಡುವ ಮನೆಯಲ್ಲೇ ಅಳೆಯಿರಿ. ಗೋಡೆಯ ಸಾಕೆಟ್‌ಗೆ ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಪರದೆಯಲ್ಲಿ ಅಡ್ಡ ಪಟ್ಟಿಗಳು ಮೇಲಿಂದ ಕೆಳಗೆ ಉರುಳುತ್ತಾ, ಧ್ವನಿಯಲ್ಲಿ ಗುಂಯ್ ಎನ್ನುವ ಸದ್ದಿದ್ದರೆ ಕತೆ ಬೇರೆ. ರೆಗ್ಯುಲೇಟರ್‌ನ ಮೊದಲಿರುವ, ವೋಲ್ಟೇಜಿನ ಏರಿಳಿತ ಸಮ ಮಾಡುವ ದೊಡ್ಡ ಕೆಪಾಸಿಟರ್ ಒಣಗಿದೆ. ಅಷ್ಟೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ಜಾಸ್ತಿ ವೋಲ್ಟಿನ ಹೊಸದು ಹಾಕಿ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್.

ಲೈಟ್ ಬರುತ್ತದೆ, ಆಟ ಬರುವುದಿಲ್ಲ

ಮಳೆಗಾಲದ ಕಾಯಿಲೆ ಎಂದರೆ ಇದು. ಪರದೆ ಏನು ತೋರಿಸುತ್ತದೆ ಎಂದು ಸ್ವಲ್ಪ ಹೊತ್ತು ಸರಿಯಾಗಿ ನೋಡಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಟಿವಿ "ಸಿಗ್ನಲ್ ಇಲ್ಲ" ಎಂದರೆ ಮೆಷಿನ್‌ನಿಂದ ಚಿತ್ರವೇ ಹೊರಗೆ ಬರುತ್ತಿಲ್ಲ ಅಥವಾ ಟಿವಿ ಬೇರೆ ಕಡೆ ನೋಡುತ್ತಿದೆ. ಬೂದು ಅಥವಾ ಯಾವುದೋ ಒಂದೇ ಬಣ್ಣದ ಪರದೆ ಬಂದರೆ ಸಂತೋಷಪಡಿ. ಚಿತ್ರ ಬರೆಯುವ ಚಿಪ್ ಬದುಕಿದೆ, ಕ್ಯಾಸೆಟ್‌ನಲ್ಲಿರುವ ಪ್ರೋಗ್ರಾಂ ಮಾತ್ರ ಅದಕ್ಕೆ ಸಿಗುತ್ತಿಲ್ಲ. ಹಾಡು ಸರಿಯಾಗಿ ಬರುತ್ತದೆ, ಗುಂಡಿ ಒತ್ತಿದರೆ ಮನುಷ್ಯ ಹಾರುತ್ತಾನೆ, ಆದರೆ ಚಿತ್ರವೆಲ್ಲ ಕಲಸಿಹೋಗಿದೆ ಎಂದರೆ ಇನ್ನೂ ಸ್ಪಷ್ಟ. ಫ್ಯಾಮಿಕಾಮ್ ಕ್ಯಾಸೆಟ್‌ನಲ್ಲಿ ಆಟದ ಪ್ರೋಗ್ರಾಂ ಮತ್ತು ಚಿತ್ರಗಳಿಗೆ ಬೇರೆ ಬೇರೆ ದಾರಿಗಳಿವೆ. ಚಿತ್ರದ ದಾರಿಯ ಯಾವುದೋ ಪಿನ್ ಮುಟ್ಟುತ್ತಿಲ್ಲ, ಅಷ್ಟೇ. ಒಳಗೇ ಆಟಗಳಿರುವ ಮೆಷಿನ್ ಆದರೆ ಕ್ಯಾಸೆಟ್ ತೆಗೆದು ಆನ್ ಮಾಡಿ. ಒಳಗಿನ ಮೆನು ಬಂದರೆ ಬೋರ್ಡಿನ ಮುಖ್ಯ ಭಾಗಗಳ ಚಿಂತೆ ಬಿಡಬಹುದು.

ಈ ಕ್ಯಾಸೆಟ್‌ಗೆ 60 ಪಿನ್. ಒಂದು ಪಿನ್‌ಗೆ ಕಿಲುಬು ಹಿಡಿದರೂ ಆಟ ನಿಲ್ಲಬಹುದು.

ನಾವೆಲ್ಲ ಚಿಕ್ಕಂದಿನಲ್ಲಿ ಉಫ್ ಎಂದು ಊದಿದವರೇ. ಊದಿದ ಮೇಲೆ ಆಟ ಬರುತ್ತಿತ್ತು, ನಿಜ. ಆದರೆ ಬಂದದ್ದು ಊದಿದ್ದಕ್ಕಲ್ಲ, ತೆಗೆದು ಹಾಕಿದ್ದಕ್ಕೆ. ತೆಗೆದು ಹಾಕುವಾಗ ಪಿನ್ನುಗಳು ಉಜ್ಜಿಕೊಂಡು ಹೊಸ ಜಾಗದಲ್ಲಿ ಮುಟ್ಟುತ್ತವೆ. ಬಾಯಿಯ ತೇವ ಮಾತ್ರ ಒಳಗೇ ಉಳಿದು ಕಿಲುಬು ಹೆಚ್ಚಿಸುತ್ತದೆ. ನಿಂಟೆಂಡೋ ಕಂಪನಿಯೇ ಊದಬೇಡಿ ಎಂದು ಹೇಳಿದೆ. ಗಾಳಿಯೇ ಒದ್ದೆಯಾಗಿರುವ ನಮ್ಮೂರಿನಲ್ಲಿ ಇದನ್ನು ಖಂಡಿತ ಬಿಡಬೇಕು.

ಕ್ಯಾಸೆಟ್‌ನ ತುದಿ ಬೆಳಕಿಗೆ ಹಿಡಿಯಿರಿ. ಹಸಿರು ಇದ್ದರೆ ತಾಮ್ರದ ಕಿಲುಬು. ಬಿಳಿ ಹುಡಿಯಂತೆ ಮೆತ್ತಿದ್ದರೆ ಬೂಷ್ಟು ಇರಬಹುದು. ಕಪ್ಪಾಗಿ ಜಿಡ್ಡಿದ್ದರೆ ಅಡಿಗೆಮನೆಯ ಅಟ್ಟದಲ್ಲಿ ಇಟ್ಟದ್ದು, ಒಲೆಯ ಹೊಗೆಯ ಮಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಹಿರಿಯರು ಎಲ್ಲವನ್ನೂ ಅಲ್ಲಿಡುತ್ತಿದ್ದರು. ಅದು ತೇವಕ್ಕೆ ಒಳ್ಳೆಯದು, ಪಿನ್ನಿಗೆ ಅಲ್ಲ.

ಹತ್ತಿಯನ್ನು ಐಪಿಎಯಲ್ಲಿ ಅದ್ದಿ, ಪಿನ್ನಿನ ಉದ್ದಕ್ಕೆ ಮೇಲಿಂದ ಕೆಳಗೆ ಒರೆಸಿ. ಅಡ್ಡ ಒರೆಸಿದರೆ ಹತ್ತಿಯ ನೂಲು ಸಿಕ್ಕಿಕೊಳ್ಳುತ್ತದೆ. ಹತ್ತಿ ಬೆಳ್ಳಗೆ ಬರುವವರೆಗೂ ಮಾಡಿ. ಮಸಿ, ಬೂಷ್ಟು ಇಷ್ಟರಲ್ಲೇ ಹೋಗುತ್ತದೆ. ಹಸಿರು ಹೋಗದಿದ್ದರೆ ಮಾತ್ರ ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಹುಡಿ ಕೊಡವಿ, ಮತ್ತೊಮ್ಮೆ ಐಪಿಎ. ಪಾಲಿಷ್ ಕಾಗದ, ಬ್ಲೇಡ್, ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಷ್ ಬೇಡವೇ ಬೇಡ. ಪಿನ್ನಿನ ಮೇಲಿನ ತೆಳು ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಜಾಸ್ತಿ ಕಿಲುಬು ಬರುತ್ತದೆ. "9999 ಇನ್ 1" ಎಂದು ಬರೆದ ಕ್ಯಾಸೆಟ್‌ಗಳ ಲೇಪ ಇನ್ನೂ ತೆಳು, ಅದಕ್ಕೆ ರಬ್ಬರೂ ಬೇಡ.

ಮೆಷಿನ್‌ನ ಬಾಯಿಯನ್ನು ಮರೆಯಬೇಡಿ. ಕ್ಯಾಸೆಟ್ ಒರೆಸಿ, ಬಾಯಿಯಲ್ಲಿ ಕೊಳೆ ಬಿಟ್ಟರೆ ಏನು ಪ್ರಯೋಜನ? ಹಳೆ ಎಟಿಎಂ ಕಾರ್ಡಿಗೆ ತೆಳು ಹತ್ತಿ ಬಟ್ಟೆ ಸುತ್ತಿ, ಐಪಿಎಯಲ್ಲಿ ಸ್ವಲ್ಪ ಒದ್ದೆ ಮಾಡಿ, ಪ್ಲಗ್ ತೆಗೆದು, ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಒಂದೇ ಕ್ಯಾಸೆಟ್ ಬಾರದಿದ್ದರೆ ಅದನ್ನು ಬಿಚ್ಚಿ ನೋಡಿ. ಅಗ್ಗದ ಕ್ಯಾಸೆಟ್‌ನಲ್ಲಿ ಚಿಪ್‌ನ ಬದಲು ಕಪ್ಪು ಅಂಟಿನ ಗುಳ್ಳೆಯೊಂದು ಕಾಣುತ್ತದೆ. ದೋಷ ಅದರೊಳಗಿದ್ದರೆ ಸರಿ ಮಾಡಲು ದಾರಿಯಿಲ್ಲ. ಹೊರಕವಚ ಚೆನ್ನಾಗಿದ್ದರೆ ಇಟ್ಟುಕೊಳ್ಳಿ, ಒಡೆದ ಬೇರೆ ಕ್ಯಾಸೆಟ್‌ಗೆ ಆಗುತ್ತದೆ.

ಇಂಟರ್ನೆಟ್ಟಿನಲ್ಲಿ ಕೆಂಪು ಲೈಟ್ ಮಿನುಗುವ ದೋಷದ ಬಗ್ಗೆ ತುಂಬ ಓದುತ್ತೀರಿ. ಅದು ಅಮೆರಿಕ, ಯುರೋಪಿನ ಎನ್‌ಇಎಸ್‌ನದ್ದು. ಅದರಲ್ಲಿ ಅಸಲಿ ಕ್ಯಾಸೆಟ್ ಹೌದೋ ಅಲ್ಲವೋ ಎಂದು ನೋಡುವ ಬೀಗದ ಚಿಪ್ ಇದೆ, ಕ್ಯಾಸೆಟ್‌ಗೆ 72 ಪಿನ್. ಫ್ಯಾಮಿಕಾಮ್‌ನಲ್ಲಿ ಆ ಚಿಪ್ ಇಲ್ಲ, ಅದರ ನಕಲುಗಳಲ್ಲೂ ಇಲ್ಲ. ಆ ಸಲಹೆಗಳನ್ನು ನಮ್ಮ ಮೆಷಿನ್ ಮೇಲೆ ಪ್ರಯೋಗಿಸಬೇಡಿ.

ಹೊಸ ಟಿವಿಯ ತಕರಾರು

ಚಿತ್ರ ಕಪ್ಪು ಬಿಳುಪಾಗಿ ಬಂದರೆ ಬಣ್ಣದ ಪದ್ಧತಿ ಹೊಂದುತ್ತಿಲ್ಲ. ಭಾರತ ಮತ್ತು ಯುಎಇಯ ಪದ್ಧತಿ ಪಾಲ್, ಜಪಾನ್ ಮತ್ತು ಅಮೆರಿಕದ್ದು ಎನ್‌ಟಿಎಸ್‌ಸಿ. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಎಂಬುದನ್ನು ಆಟೋದಿಂದ ತೆಗೆದು ಕೈಯಾರೆ ಬದಲಿಸಿ ನೋಡಿ. ಗಲ್ಫ್‌ನ ಸೆಗಾದಲ್ಲಿ ಸಾನಿಕ್ ಎಂಬ ಆಟದ ನಾಯಕ ನಿಧಾನ ಓಡುತ್ತಾನೆ ಎಂದು ಒಬ್ಬರು ತಂದಿದ್ದರು. ಅದು ದೋಷವಲ್ಲ. ಪಾಲ್ ಮೆಷಿನ್ ಸೆಕೆಂಡಿಗೆ 50 ಚಿತ್ರ ತೋರಿಸುತ್ತದೆ, ಎನ್‌ಟಿಎಸ್‌ಸಿ 60. ಎಷ್ಟೋ ಆಟಗಳು ಪಾಲ್‌ನಲ್ಲಿ ಅಷ್ಟರಮಟ್ಟಿಗೆ ನಿಧಾನವಾಗಿಯೇ ಓಡುತ್ತವೆ.

ಮೆಷಿನ್‌ನಿಂದ ಚಿತ್ರ ತರುವ ಹಳದಿ ಪಿನ್‌ಗೆ ಟಿವಿಯಲ್ಲಿ ಹಳದಿ ತೂತು ಇಲ್ಲದಿದ್ದರೆ ಹಸಿರು ತೂತು ನೋಡಿ. ಅನೇಕ ಹೊಸ ಟಿವಿಗಳಲ್ಲಿ ಹಳದಿ, ಹಸಿರು ಎರಡು ಪಿನ್‌ಗೂ ಅದೊಂದೇ ತೂತು. ಕೆಲವದರಲ್ಲಿ ಇಯರ್‌ಫೋನ್ ತರಹದ ಒಂದೇ ತೂತು ಇರುತ್ತದೆ, ಅದಕ್ಕೆ ಟಿವಿಯ ಜೊತೆ ಬಂದ ವಯರೇ ಬೇಕು. ಗುಂಡಿ ಒತ್ತಿ ಸ್ವಲ್ಪ ತಡವಾಗಿ ಹಾರಿದರೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ.

ಬಂದೂಕಿನ ಬಗ್ಗೆ ತುಂಬ ಜನ ಕೇಳುತ್ತಾರೆ. 1984ರ ಡಕ್ ಹಂಟ್ ಆಟ, ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವುದು. ಹೊಸ ಟಿವಿಯಲ್ಲಿ ಒಂದೂ ಬೀಳುವುದಿಲ್ಲ. ಬಂದೂಕು ಕೆಟ್ಟಿಲ್ಲ. ಅದು ನೋಡುವುದು ಪಿಕ್ಚರ್ ಟ್ಯೂಬಿನ ಬೆಳಕನ್ನು, ಗೆರೆ ಗೆರೆಯಾಗಿ ಮಿಂಚುವ ಆ ಬೆಳಕನ್ನು. ಎಲ್‌ಇಡಿ ಟಿವಿಯ ಬೆಳಕು ಹಾಗಿಲ್ಲ, ಚಿತ್ರವೂ ತಡವಾಗಿ ಬರುತ್ತದೆ. ಹಳೆ ಡಬ್ಬ ಟಿವಿ ಇದ್ದರೆ ಮಾರಬೇಡಿ. ಆದರೆ ಅದರ ಹಿಂದಿನ ಮುಚ್ಚಳ ಮಾತ್ರ ಎಂದೂ ಬಿಚ್ಚಬೇಡಿ. ಆಫ್ ಮಾಡಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಗುಂಡಿ ಕೆಲಸ ಮಾಡುತ್ತಿಲ್ಲ

ಒಂದು ಗುಂಡಿ ಮಾತ್ರ ಸತ್ತಿದ್ದರೆ ದೋಷ ಆ ಗುಂಡಿಯ ಕೆಳಗಿದೆ. ಜಾಯ್‌ಸ್ಟಿಕ್ ಬಿಚ್ಚಿ, ರಬ್ಬರಿನ ಕಪ್ಪು ಚುಕ್ಕೆ ಮತ್ತು ಬೋರ್ಡಿನ ಕಪ್ಪು ಜಾಗವನ್ನು ಐಪಿಎಯಲ್ಲಿ ಹಗುರವಾಗಿ ಒರೆಸಿ. ಎಲ್ಲ ಗುಂಡಿಯೂ ಸತ್ತಿದ್ದರೆ ವಯರು ತುಂಡಾಗಿದೆ. ಫ್ಯಾಮಿಕಾಮ್‌ನಲ್ಲಿ ಎಂಟು ಗುಂಡಿಗಳ ಸುದ್ದಿಯೂ ಒಂದೇ ತಂತಿಯಲ್ಲಿ ಸಾಲಾಗಿ ಹೋಗುವುದರಿಂದ ಹೀಗಾಗುತ್ತದೆ. ಜಾಯ್‌ಸ್ಟಿಕ್‌ನ ಬುಡದಲ್ಲಿ ಮಡಚುವ ಜಾಗವೇ ಹೆಚ್ಚಾಗಿ ತುಂಡಾಗುವುದು. ಎರಡಿಂಚು ಕತ್ತರಿಸಿ, ಅದೇ ಬಣ್ಣದ ಕ್ರಮದಲ್ಲಿ ಬೆಸುಗೆ ಹಾಕಿದರೆ ಆಯಿತು.

ಸಿಡಿ ಮೆಷಿನ್‌ಗಳು

ಪ್ಲೇಸ್ಟೇಷನ್‌ನಲ್ಲಿ ಮೊದಲ ಬಿಳಿ ಪರದೆ ಬಂದು, ಆಟದ ಬದಲು ಮೆಮರಿ ಕಾರ್ಡ್ ಮೆನುಗೆ ಹೋದರೆ ಅದು ಡಿಸ್ಕ್ ಓದುತ್ತಿಲ್ಲ. ಒಂದು ಹಾಡಿನ ಸಿಡಿ ಹಾಕಿ. ಹಾಡು ಬಂದರೆ ಲೆನ್ಸ್ ಪೂರ್ತಿ ಸತ್ತಿಲ್ಲ. ಅಸಲಿ ಡಿಸ್ಕ್ ಓದಿ, ಮನೆಯಲ್ಲಿ ರೈಟ್ ಮಾಡಿದ, ಮೊದಲು ಓಡುತ್ತಿದ್ದ ಡಿಸ್ಕ್ ಈಗ ಓದದಿದ್ದರೆ ಲೆನ್ಸ್ ಬಲ ಕಳೆದುಕೊಳ್ಳುತ್ತಿರಬಹುದು, ಏಕೆಂದರೆ ರೈಟ್ ಮಾಡಿದ್ದು ಬೆಳಕನ್ನು ಕಡಿಮೆ ಹಿಂದೆ ಕಳಿಸುತ್ತದೆ. ಮಳೆಗಾಲದಲ್ಲಿ ಲೆನ್ಸಿನ ಮೇಲೆ ಮಂಜಿನಂತೆ ಬೂಷ್ಟು ಕೂರುತ್ತದೆ. ಹತ್ತಿಯ ತುದಿಗೆ ಒಂದು ಹನಿ ಐಪಿಎ, ಒತ್ತದೆ ಒರೆಸಿ. 1994ರಲ್ಲಿ ಬಂದ ಮೊದಲ ಮಾದರಿಗಳನ್ನು ಜನ ತಲೆಕೆಳಗಾಗಿ ಇಟ್ಟು ಓಡಿಸುತ್ತಿದ್ದರು. ಅದರ ಲೆನ್ಸ್ ಜಾರುವ ಪ್ಲಾಸ್ಟಿಕ್ ದಾರಿ ಸವೆದು ಲೆನ್ಸ್ ವಾಲುತ್ತಿತ್ತು. ತಿರುಗಿಸಿಟ್ಟಾಗ ಓದಿದರೆ ನಿಮ್ಮದೂ ಅದೇ ದೋಷ, ಲೆನ್ಸ್ ಭಾಗವನ್ನು ಪೂರ್ತಿ ಬದಲಿಸುವುದು ಒಳ್ಳೆಯದು.

ಪಿಎಸ್‌2 ಪ್ರತಿ ಸಲವೂ ದಿನಾಂಕ ಕೇಳಿದರೆ ಒಳಗಿನ ಗಡಿಯಾರದ ಬ್ಯಾಟರಿ ಮುಗಿದಿದೆ. ಆಟಕ್ಕೆ ತೊಂದರೆ ಇಲ್ಲ.

ಕ್ಯಾಸೆಟ್‌ನಲ್ಲಿ ಸೇವ್ ಉಳಿಯದಿದ್ದರೂ ಕಾರಣ ಬ್ಯಾಟರಿಯೇ. ಸರಿ ಇದ್ದರೆ 3 ವೋಲ್ಟ್ ಇರಬೇಕು. ಪೊಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಗಡಿಯಾರವೂ ಅದೇ ಬ್ಯಾಟರಿಯಲ್ಲಿ ಓಡುವುದರಿಂದ ಬೇಗ ಮುಗಿಯುತ್ತದೆ. ಹಳೆ ಬ್ಯಾಟರಿ ತೆಗೆದ ಕೂಡಲೇ ಇದ್ದ ಸೇವ್ ಅಳಿಯುತ್ತದೆ, ಅದು ಯಾರದೋ ಬಾಲ್ಯದ ಸೇವ್ ಆಗಿದ್ದರೆ ಮೊದಲು ಅವರನ್ನು ಕೇಳಿ. ಬೆಸುಗೆ ಹಾಕಲು ತಗಡಿನ ಕಾಲು ಇರುವ ಬ್ಯಾಟರಿಯನ್ನೇ ತನ್ನಿ. ಬ್ಯಾಟರಿಯ ಮೈಗೆ ನೇರ ಬೆಸುಗೆ ಹಾಕಿದರೆ ಅದು ಸಿಡಿಯಬಹುದು.

ಹೊಸ ಪುಟ್ಟ ಮೆಷಿನ್‌ಗಳಲ್ಲಿ ದೋಷ ಕಡಿಮೆ ಬಗೆಯದು. 2016ರ ಎನ್‌ಇಎಸ್ ಕ್ಲಾಸಿಕ್ ಮಿನಿಗೆ 5 ವೋಲ್ಟ್ 1 ಆಂಪಿಯರ್ ಬೇಕು. ಟಿವಿಯ ಯುಎಸ್‌ಬಿ ಪೋರ್ಟ್ ಅರ್ಧ ಆಂಪಿಯರ್ ಮಾತ್ರ ಕೊಡುವುದಾದರೆ ನಡುವೆ ಆಫ್ ಆಗಬಹುದು. ಮೊಬೈಲ್ ಚಾರ್ಜರ್ ಹಾಕಿ. ಟಿವಿಗೆ ನೇರ ಸಿಕ್ಕಿಸುವ ಅಗ್ಗದ ಗೇಮ್ ಸ್ಟಿಕ್‌ಗಳಲ್ಲಿ ಕೈಕೊಡುವುದು ಮೆಮರಿ ಕಾರ್ಡ್. ತಂದ ದಿನವೇ ಅದನ್ನು ಕಂಪ್ಯೂಟರಿಗೆ ನಕಲು ಮಾಡಿಡಿ.

ಎತ್ತಿಡುವುದು

ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಎಳೆಯಿರಿ, ಟಿವಿಗೆ ಹೋಗುವ ವಯರನ್ನೂ ಎಳೆಯಿರಿ. ಕೇಬಲ್ ಅಥವಾ ಡಿಶ್ ವಯರಿನಿಂದ ಟಿವಿಗೆ ಬಂದ ಸಿಡಿಲು ಮೆಷಿನ್‌ವರೆಗೂ ಹೋಗುತ್ತದೆ.

ಮೇ ತಿಂಗಳ ಕೊನೆಗೆ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಡಬ್ಬಕ್ಕೆ ಹೋಗುವ ದಿನವೇ ನನ್ನ ಕ್ಯಾಸೆಟ್‌ಗಳೂ ಹೋಗುತ್ತವೆ, ಅಂಥದ್ದೇ ಬಿಗಿ ಮುಚ್ಚಳದ ಬೇರೆ ಡಬ್ಬಕ್ಕೆ. ಒಳಗೆ ಸಿಲಿಕಾ ಜೆಲ್ ಚೀಲ ಹಾಕುತ್ತೇನೆ. ಅಕ್ಕಿ ಹಾಕಬೇಡಿ, ಅದರ ಹುಡಿ ಪಿನ್ನಿಗೆ ಮೆತ್ತುತ್ತದೆ, ಹುಳವೂ ಬರುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಮೆಷಿನ್‌ಗಳನ್ನು ಅರ್ಧ ಗಂಟೆ ಓಡಿಸುತ್ತೇನೆ, ಒಳಗಿನ ಬಿಸಿಗೆ ತೇವ ಬಿಡುತ್ತದೆ. ಡಬ್ಬದ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಯಾವ ಕ್ಯಾಸೆಟ್ ಯಾವ ತಿಂಗಳಲ್ಲಿ ನಿಂತಿತು, ಏನು ಮಾಡಿದ ಮೇಲೆ ಓಡಿತು ಎಂದು ಅದರಲ್ಲಿ ಬರೆದಿಡುತ್ತೇನೆ.